ನಿಸರ್ಗ ಬಲ್ಲವರ ಜನ್ಮಶತಮಾನೋತ್ಸವವನ್ನು ಸಣ್ಣ ಊರಲ್ಲಿ ನಡೆಸುವುದು ಹೇಗೆ: ಮೂಡಿಗೆರೆ, ತೇಜಸ್ವಿ ಮತ್ತು 2038

2038ರ ಸೆಪ್ಟೆಂಬರ್ 8ಕ್ಕೆ ಪೂರ್ಣಚಂದ್ರ ತೇಜಸ್ವಿ ಹುಟ್ಟಿ ನೂರು ವರ್ಷ. ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕಾಫಿ ಬೆಳೆದು, ಕ್ಯಾಮೆರಾ ಹೊತ್ತು ಹಕ್ಕಿಗಳ ಹಿಂದೆ ಅಲೆದು, ಗಾಳ ಹಾಕಿ ಕೂತು, 2007ರಲ್ಲಿ ತೀರಿಕೊಂಡದ್ದು ಮೂಡಿಗೆರೆಯಲ್ಲಿ. ಈ ಮಾರ್ಗದರ್ಶಿ ಮೂಡಿಗೆರೆಯನ್ನು ಮುಂದಿಟ್ಟುಕೊಂಡು ಬರೆದದ್ದು. ಆದರೂ ಕ್ರಮ ಯಾವ ಊರಿಗೂ ಒಗ್ಗುತ್ತದೆ. ವನ್ಯಜೀವಿ ಛಾಯಾಗ್ರಾಹಕ ಎಂ.ವೈ. ಘೋರ್ಪಡೆ ಅವರ ಸಂಡೂರಿಗೆ ಇಂಥದೇ ವರ್ಷ 2031ಕ್ಕೇ ಬರುತ್ತದೆ.

ನಮ್ಮಲ್ಲಿ ಶತಮಾನೋತ್ಸವ ಎಂದರೆ ಆರು ತಿಂಗಳು ಇರುವಾಗ ಸಮಿತಿ, ಪುತ್ಥಳಿ ಎಲ್ಲಿ ನಿಲ್ಲಿಸುವುದು ಎಂಬ ಜಗಳ, ಒಂದು ವೃತ್ತಕ್ಕೆ ಹೆಸರು, ಸ್ಮರಣ ಸಂಚಿಕೆ, ಶಾಲು ಹಾರ. ರಾಜಕಾರಣಿಗೆ ಇಷ್ಟು ಸಾಕು. ಹಕ್ಕಿ, ಹುಳ, ಕಪ್ಪೆ, ಗಿಡ ನೋಡುತ್ತ ಬದುಕಿದವರಿಗೆ ಸಾಲದು. ಅವರ ಊರು ಆ ವರ್ಷ ಮಾಡಬೇಕಾದ ಮುಖ್ಯ ಕೆಲಸ ಒಂದೇ: ಈಗ ಇಲ್ಲಿ ಏನೇನು ಬದುಕಿದೆ ಎಂದು ಎಣಿಸಿ, ಮುಂದಿನವರು ಅದೇ ಜಾಗದಲ್ಲಿ ಅದೇ ರೀತಿ ಮತ್ತೆ ಎಣಿಸಿ ಹೋಲಿಸುವಂತೆ ಬರೆದಿಡುವುದು. ಮಿಕ್ಕ ಕಾರ್ಯಕ್ರಮಗಳೆಲ್ಲ ಈ ಕೆಲಸದ ಸುತ್ತ ಹೆಣೆದುಕೊಳ್ಳಬೇಕು.

ಮೊದಲು ಪಂಚಾಂಗ ನೋಡಿ

ಹುಟ್ಟಿದ ದಿನವನ್ನು ನಾವು ಆರಿಸಲಾಗುವುದಿಲ್ಲ, ಆದರೆ ಆ ದಿನ ಏನು ಮಾಡಬಹುದು ಎಂಬುದನ್ನು ಋತು ತೀರ್ಮಾನಿಸುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ್ದು ನವೆಂಬರ್ 12ರಂದು. ವಲಸೆ ಹಕ್ಕಿಗಳು ಬಂದಿಳಿದಿರುವ ಕಾಲ, ಹಕ್ಕಿ ನಡಿಗೆಗೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಮಲೆನಾಡಿನ ಸೆಪ್ಟೆಂಬರ್ 8 ಹಾಗಲ್ಲ. ಮಳೆ ಪೂರ್ತಿ ನಿಂತಿರುವುದಿಲ್ಲ, ಇಂಬಳ ಇರುತ್ತದೆ, ಮಂಜು ಯಾವಾಗ ಮುಸುಕುತ್ತದೋ ಹೇಳಲಾಗದು. ಚಳಿಗಾಲದ ಹಕ್ಕಿಗಳಲ್ಲಿ ಕುಂಡೆಕುಸ್ಕ, ಉಲಿಯಕ್ಕಿಯಂಥ ಕೆಲವು ಆಗಷ್ಟೇ ಬರತೊಡಗಿರುತ್ತವೆ, ಉಳಿದವು ಬರುವುದು ಅಕ್ಟೋಬರ್ ಕಳೆಯುತ್ತ. ಆ ದಿನ ಇನ್ನೂರು ಜನರನ್ನು ಹಕ್ಕಿ ನೋಡಲು ಕರೆದೊಯ್ದರೆ ಅವರು ನೋಡುವುದು ಕೊಡೆಗಳನ್ನು.

ಹಾಗಾಗಿ ಉತ್ಸವವನ್ನು ಒಂದೇ ದಿನಕ್ಕೆ ಕಟ್ಟದೆ ವರ್ಷಕ್ಕೆ ಹರಡಿ. ಸೆಪ್ಟೆಂಬರ್‌ನಲ್ಲಿ ಕಪ್ಪೆ, ಅಣಬೆ, ಪಾಚಿ, ಜರೀಗಿಡ. ಮಳೆ ಬಿಟ್ಟ ಮೇಲೆ ಅಕ್ಟೋಬರ್–ನವೆಂಬರ್‌ನಲ್ಲಿ ಚಿಟ್ಟೆ. ಜನವರಿ–ಫೆಬ್ರವರಿಯಲ್ಲಿ ಹಕ್ಕಿ. ಮಾರ್ಚ್–ಏಪ್ರಿಲ್‌ನಲ್ಲಿ ಅಡಿಕೆ ತೋಟದ ಹಾರುವ ಓತಿ ಮತ್ತು ಮರಗಳ ಅಳತೆ.

ಇನ್ನೊಂದು ವಿಷಯ. 2038ರ ಸೆಪ್ಟೆಂಬರ್ 8 ಬುಧವಾರ. ಶಾಲೆ ಮಕ್ಕಳ ಕಾರ್ಯಕ್ರಮಕ್ಕೆ ಅದೇ ದಿನ ಸರಿ, ಊರವರ ಸಭೆಗೆ 12ರ ಭಾನುವಾರ ಇಟ್ಟುಕೊಳ್ಳಿ. ಗಣೇಶನ ಹಬ್ಬವೂ ಆ ತಿಂಗಳ ಮೊದಲ ವಾರಕ್ಕೇ ಬರುವ ಲೆಕ್ಕ. ಶಾಮಿಯಾನ, ಮೈಕ್, ಜನರೇಟರ್ ಎಲ್ಲವೂ ಗಣೇಶೋತ್ಸವಕ್ಕೆ ಬುಕ್ ಆಗಿರುತ್ತವೆ, ಜೂನ್‌ನಲ್ಲೇ ಮುಂಗಡ ಕೊಡಿ. ಹುಣ್ಣಿಮೆ 13ರ ಸುಮಾರಿಗೆ. ಬೆಳದಿಂಗಳಲ್ಲಿ ಪತಂಗಗಳು ದೀಪಕ್ಕೆ ಹೆಚ್ಚು ಬರುವುದಿಲ್ಲವಾದ್ದರಿಂದ ಪತಂಗದ ರಾತ್ರಿಯನ್ನು 12ಕ್ಕೆ ಇಡಬೇಡಿ. ಆಗಸ್ಟ್ ಕೊನೆಯ ಅಮಾವಾಸ್ಯೆಯ ಆಸುಪಾಸು ಒಳ್ಳೆಯದು.

ಸಮಿತಿ ಮತ್ತು ದುಡ್ಡು

ಸಮಿತಿ ಚಿಕ್ಕದಿರಲಿ, ಏಳರಿಂದ ಒಂಬತ್ತು ಜನ. ಹೊಸ ಸಂಘ ಕಟ್ಟುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಈಗಾಗಲೇ ನೋಂದಣಿಯಾದ ಸಂಘವಿದ್ದರೆ ಅದರಡಿ ಉಪಸಮಿತಿ ಮಾಡಿಕೊಳ್ಳುವುದು ಸಲೀಸು. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನವೇ ಇದೆ. ಅಂಥ ಸಂಸ್ಥೆ ಇರುವ ಕಡೆ ಪೈಪೋಟಿಗೆ ಇನ್ನೊಂದು ಸಮಿತಿ ಕಟ್ಟಿದರೆ ಎರಡೂ ಸೊರಗುತ್ತವೆ. ಹುಟ್ಟಿದ ಊರು ಮತ್ತು ಬದುಕಿದ ಊರು ಬೇರೆಯಾಗಿದ್ದರೆ ಕೆಲಸವನ್ನು ಮೊದಲೇ ಹಂಚಿಕೊಳ್ಳಿ. ಬಾಲ್ಯ ಮತ್ತು ಮನೆತನದ ವಿಷಯ ಕುಪ್ಪಳಿಯ ಪಾಲು, ತೋಟ–ಕಾಡು–ಹೊಳೆಯ ವಿಷಯ ಮೂಡಿಗೆರೆಯ ಪಾಲು ಎಂಬಂತೆ.

ಸಮಿತಿಯಲ್ಲಿ ಇರಲೇಬೇಕಾದವರು: ಕುಟುಂಬದ ಒಬ್ಬರು ಅಥವಾ ಅವರು ಒಪ್ಪಿದ ಒಬ್ಬರು, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಪಟ್ಟಣ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರು, ಹಳ್ಳ ತೋಟಗಳ ದಾರಿ ಗೊತ್ತಿರುವ ಒಬ್ಬರು, ಲೆಕ್ಕ ಬರೆಯಬಲ್ಲ ಒಬ್ಬರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ.

ನೂರು ರೂಪಾಯಿ ಕೂಡಿದರೆ 25 ಎಣಿಕೆಗೆ, 20 ಪತ್ರ–ಚಿತ್ರಗಳ ಡಿಜಿಟಲೀಕರಣಕ್ಕೆ, 20 ಪ್ರದರ್ಶನ ಮತ್ತು ಪುಸ್ತಿಕೆಗೆ, 15 ಗಿಡ ಮತ್ತು ನಡಿಗೆ ದಾರಿಗೆ, 10 ಸಭೆಗೆ. ಉಳಿದ 10ನ್ನು ಮುಂದಿನ ವರ್ಷಗಳ ನಿರ್ವಹಣೆಗೆ ಠೇವಣಿ ಇಡಿ. ಕೊನೆಯ ಬಾಬತ್ತನ್ನೇ ಎಲ್ಲರೂ ಮೊದಲು ಕತ್ತರಿಸುವುದು. ಪುತ್ಥಳಿಯನ್ನು ಈ ಹಂಚಿಕೆಗೆ ಸೇರಿಸಿದಿರೋ, ಬೇರೆ ಆರೂ ಬಾಬತ್ತು ಖಾಲಿ.

ಎಣಿಕೆ: ಮೂರು ವರ್ಷ ಮುಂಚೆ ಶುರು

ಒಂದೇ ವರ್ಷ ಎಣಿಸಿದರೆ ಆ ವರ್ಷದ ಮಳೆಯ ಗುಣವನ್ನು ಎಣಿಸಿದಂತಾಗುತ್ತದೆ. ಬರ ಬಿದ್ದ ವರ್ಷ ಕಪ್ಪೆ ಕಡಿಮೆ, ಅತಿವೃಷ್ಟಿಯ ವರ್ಷ ಚಿಟ್ಟೆ ತಡ. ಕನಿಷ್ಠ ಮೂರು ವರ್ಷದ ಲೆಕ್ಕ ಬೇಕು. 2038ಕ್ಕೆ ಪುಸ್ತಿಕೆ ಬರಬೇಕಾದರೆ 2035, 36, 37ರಲ್ಲಿ ಕ್ಷೇತ್ರದ ಕೆಲಸ ಮುಗಿದಿರಬೇಕು.

*ನಕ್ಷೆ.* ಊರನ್ನೂ ಅಂಚಿನ ತೋಟ, ಗದ್ದೆ, ಹಳ್ಳಗಳನ್ನೂ ಸೇರಿಸಿ 4 ಕಿ.ಮೀ. × 4 ಕಿ.ಮೀ. ಚೌಕ ಹಾಕಿ. ಅದನ್ನು 1 ಕಿ.ಮೀ.ನ 16 ಮನೆಗಳಾಗಿ ಮಾಡಿ ನಂಬರ್ ಕೊಡಿ. ಪ್ರತಿ ಮನೆಯಲ್ಲಿ ನಿಂತು ಎಣಿಸುವ ನಾಲ್ಕು ನಿಲ್ದಾಣ, ಅಂದರೆ ಒಟ್ಟು 64. ನಿಲ್ದಾಣವನ್ನು ನೆಲದ ಮೇಲೆ ಗುರುತಿಸುವಾಗ ಅಂಗಡಿ, ಬೇಲಿ, ಮರ ನಂಬಬೇಡಿ, ಅವು ಉಳಿಯುವುದಿಲ್ಲ. ಜಿಪಿಎಸ್ ಅಂಕಿಯ ಜೊತೆಗೆ ಮೋರಿ, ಸೇತುವೆ, ಸರ್ವೆ ಕಲ್ಲಿನಿಂದ ಇಷ್ಟು ಹೆಜ್ಜೆ ಎಂದು ಬರೆಯಿರಿ. ನಾಲ್ಕೂ ದಿಕ್ಕಿಗೆ ಒಂದೊಂದು ಫೋಟೊ ತೆಗೆದಿಡಿ. ಐವತ್ತು ವರ್ಷದ ಮೇಲೆ ಹಕ್ಕಿ ಪಟ್ಟಿಗಿಂತ ಆ ಫೋಟೊಗಳೇ ಹೆಚ್ಚು ಹೇಳಬಹುದು: ನೆರಳಿಗೆ ಅತ್ತಿ–ಗೋಣಿ ಇದ್ದ ಕಾಫಿ ತೋಟ ಸಿಲ್ವರ್ ಓಕ್ ತೋಟವಾಯಿತೇ, ಗದ್ದೆ ಸೈಟಾಯಿತೇ ಎಂಬುದು ಅದರಲ್ಲಿ ಕಾಣುತ್ತದೆ.

*ಹಕ್ಕಿ.* ಪ್ರತಿ ನಿಲ್ದಾಣದಲ್ಲಿ 15 ನಿಮಿಷ. ಕಂಡದ್ದು, ಕೇಳಿದ್ದು, ಎಷ್ಟು ಎಂಬುದು. ವರ್ಷಕ್ಕೆ ಎರಡು ಸಲ: ಮಳೆಗಾಲದಲ್ಲಿ ಒಮ್ಮೆ, ಜನವರಿ ನಡುವಿನಿಂದ ಮಾರ್ಚ್ ನಡುವಿನೊಳಗೆ ಒಮ್ಮೆ. ಕೇರಳದ ಪಕ್ಷಿಪ್ರಿಯರು ಇಡೀ ರಾಜ್ಯದ ಹಕ್ಕಿ ನಕ್ಷೆ ಮಾಡಿದ್ದು 15 ನಿಮಿಷದ ಪಟ್ಟಿ, ಎರಡು ಋತು ಎಂಬ ಇದೇ ಲೆಕ್ಕದಲ್ಲಿ; ಮೈಸೂರಿನವರು ತಮ್ಮ ನಗರದ ಹಕ್ಕಿ ನಕ್ಷೆ ಮಾಡಿಕೊಂಡಿದ್ದಾರೆ. ಹಾಗಾಗಿ ವಿಧಾನ ಹೊಸದಾಗಿ ಹುಡುಕಬೇಕಿಲ್ಲ. ಒಂದು ತಂಡ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ ಒಂದು ಮನೆಯ ನಾಲ್ಕು ನಿಲ್ದಾಣ ಮುಗಿಸುತ್ತದೆ. ನಾಲ್ಕು ತಂಡ, ನಾಲ್ಕು ಭಾನುವಾರ, 16 ಮನೆ. ತಂಡಕ್ಕೆ ಮೂವರು: ಗುರುತು ಹಿಡಿಯುವವರು, ಬರೆಯುವವರು, ಗಡಿಯಾರ ನೋಡುವವರು. ಲೆಕ್ಕವನ್ನು ಹಕ್ಕಿ ದಾಖಲೆಯ ಜಾಲತಾಣ ಇ–ಬರ್ಡ್‌ಗೆ ಏರಿಸಿ, ಕಾಗದದ ಪ್ರತಿಯನ್ನೂ ಇಡಿ.

ಇಲ್ಲಿ ಎಡವುವುದು ಒಂದೇ ಕಡೆ. ಪಿಕಳಾರ, ಕಾಜಾಣ, ಮಡಿವಾಳ, ಕಾಗೆಯನ್ನು "ಇದ್ದೇ ಇರುತ್ತವೆ" ಎಂದು ಬರೆಯದೆ ಬಿಟ್ಟು, ಅಪರೂಪದ್ದಷ್ಟೇ ಬರೆಯುತ್ತಾರೆ. ಗುಬ್ಬಚ್ಚಿ ಎಷ್ಟಿತ್ತು ಎಂದು ಯಾರೂ ಬರೆದಿಡದ ಕಾರಣವೇ ಅದು ಎಷ್ಟು ಕಡಿಮೆಯಾಗಿದೆ ಎಂದು ಹೇಳಲು ಹಲವು ಊರುಗಳಲ್ಲಿ ಆಧಾರವಿಲ್ಲ. ಸಾಮಾನ್ಯವಾದದ್ದನ್ನು ಎಣಿಸದ ಪಟ್ಟಿಯನ್ನು ವಾಪಸ್ ಕಳಿಸಿ.

*ಚಿಟ್ಟೆ.* 500 ಮೀಟರಿನ ಎಂಟು ದಾರಿ ಗೊತ್ತು ಮಾಡಿ. ಬಿಸಿಲು ಬಿದ್ದ ಮೇಲೆ, ಒಂಬತ್ತರಿಂದ ಹನ್ನೊಂದರೊಳಗೆ, ನಿಧಾನ ನಡೆಯುತ್ತ ಎಡಬಲಕ್ಕೆ ಎರಡೂವರೆ ಮೀಟರ್, ಮುಂದಕ್ಕೆ ಐದು ಮೀಟರಿನೊಳಗೆ ಕಂಡದ್ದನ್ನು ಮಾತ್ರ ಎಣಿಸಿ. ಅದರಾಚೆ ಎಷ್ಟೇ ಚೆಂದದ್ದು ಹಾರಿದರೂ ಲೆಕ್ಕಕ್ಕಿಲ್ಲ. ಮೋಡ ಮುಸುಕಿದರೆ ಆ ದಿನ ಬಿಡಿ. ಬಲೆ ಬೇಡ.

*ಮರ.* ಸುತ್ತಳತೆ ಎರಡು ಮೀಟರ್ ದಾಟಿದ ಪ್ರತಿ ಮರವನ್ನೂ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಿರಿ. ಬುಡದಲ್ಲಿ ಹಲಗೆಬೇರು ಇದ್ದರೆ ಅದು ಮುಗಿದ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಎಂದೂ ಬರೆಯಿರಿ. ಇಳಿಜಾರಿನಲ್ಲಿ ಮೇಲ್ಭಾಗದ ನೆಲದಿಂದ ಲೆಕ್ಕ. ದರ್ಜಿಯ ಟೇಪು ಎಳೆದರೆ ಹಿಗ್ಗುತ್ತದೆ, ಫೈಬರ್ ಗ್ಲಾಸ್ ಟೇಪು ತನ್ನಿ.

*ಹಾರುವ ಓತಿ.* 1980ರಲ್ಲಿ ಬಂದ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ಓದಿದವರೆಲ್ಲ ಮೂಡಿಗೆರೆಗೆ ಬಂದು ಕೇಳುವುದು ಇದನ್ನೇ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಅದು ಇನ್ನೂ ಇದೆ, ಆದರೆ ಕಾಂಡದ ಬಣ್ಣದಲ್ಲೇ ಕರಗಿರುತ್ತದೆ. ಬಿಸಿಲೇರುವ ಹೊತ್ತಿಗೆ ಇಬ್ಬರು ಅಡಿಕೆ ಸಾಲಿನ ಎರಡು ಬದಿ ನಡೆಯಿರಿ. ಒಬ್ಬರನ್ನು ಕಂಡು ಅದು ಕಾಂಡದ ಹಿಂದಕ್ಕೆ ಸರಿದರೆ ಇನ್ನೊಬ್ಬರಿಗೆ ಕಾಣುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಬಾವುಟದಂತೆ ಹೊರಚಾಚಿ ಮಡಚುವುದೇ ಸುಲಭದ ಗುರುತು. ಹಾರಲಿ ಎಂದು ಮರಕ್ಕೆ ಕಲ್ಲು ಹೊಡೆಯುವವರನ್ನು ತಂಡದಿಂದಲೇ ಬಿಡಿಸಿ. ಅದರ ಊಟ ಇರುವೆ. ತೋಟದಲ್ಲಿ ಇರುವೆ ಔಷಧಿ ಹಾಕುತ್ತಾರೆಯೇ ಎಂಬ ಕಾಲಮ್ಮೂ ನಮೂನೆಯಲ್ಲಿ ಇರಲಿ.

*ಕಪ್ಪೆ.* ಮೂಡಿಗೆರೆ ತಾಲ್ಲೂಕಿಗೆ ಇಲ್ಲಿ ಒಂದು ವಿಶೇಷವಿದೆ. ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ 1937ರಲ್ಲಿ, ತೇಜಸ್ವಿ ಹುಟ್ಟುವ ಹಿಂದಿನ ವರ್ಷ, ಕೊಟ್ಟಿಗೆಹಾರದ ಕಪ್ಪೆಯೊಂದನ್ನು ವಿಜ್ಞಾನಕ್ಕೆ ಪರಿಚಯಿಸಿ ಊರಿನ ಹೆಸರನ್ನೇ ಇಟ್ಟರು. ಇವತ್ತು ಅದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ಕುಣಿಯುವ ಕಪ್ಪೆಗಳ ಗುಂಪಿನದು. ಹೊಳೆಯ ಭೋರ್ಗರೆತದಲ್ಲಿ ಕೂಗು ಕೇಳಿಸುವುದು ಕಷ್ಟವಾದ್ದರಿಂದ ಗಂಡು ಬಂಡೆಯ ಮೇಲೆ ಕೂತು ಹಿಂಗಾಲನ್ನು ಪೂರ್ತಿ ಚಾಚಿ, ಬೆರಳ ನಡುವಿನ ತೊಗಲನ್ನು ಬಿಡಿಸಿ ಬೀಸುತ್ತದೆ. ಊರಿನ ಹೆಸರು ಹೊತ್ತ ಪ್ರಾಣಿ ಇರುವ ಊರು ಪುತ್ಥಳಿಗಾಗಿ ಜಗಳವಾಡುವುದು ವಿಚಿತ್ರ. ಈ ಕಪ್ಪೆಗೆ ಬೇಕಾದದ್ದು ಮೇಲೆ ಮರದ ನೆರಳಿರುವ, ಹೂಳಿಲ್ಲದ, ಹರಿವು ನಿಲ್ಲದ ಹಳ್ಳ. ಮೇಲ್ದಂಡೆಯಲ್ಲಿ ಪಂಪ್ ಇಟ್ಟರೆ, ಜೆಸಿಬಿ ಇಳಿದರೆ ಅದರ ಕತೆ ಮುಗಿಯಿತು. ಆದ್ದರಿಂದ ಕಪ್ಪೆ ಜೊತೆಗೆ ಹಳ್ಳವನ್ನೂ ದಾಖಲಿಸಿ: ಅಗಲ, ಆಳ, ನೆರಳು, ನೀರಿನ ಬಣ್ಣ, ಎಷ್ಟು ಪೈಪು ಹಾಕಿದ್ದಾರೆ.

ನೋಡುವ ಕ್ರಮ: ಐದಾರು ಜನ, ದಂಡೆಯ ಮೇಲೇ, ಬೈನಾಕ್ಯುಲರ್ ಹಿಡಿದು, ಹತ್ತು ನಿಮಿಷ ಅಲ್ಲಾಡದೆ. ನೀರಿಗಿಳಿದರೆ ಕಲ್ಲಿನಡಿಯ ಮೊಟ್ಟೆ ಹಾಳು. ಇತರ ಕಪ್ಪೆಗಳಿಗೆ ಸಂಜೆ ಏಳರಿಂದ ಹತ್ತರವರೆಗೆ, ಪ್ರತಿ ಜಾಗದಲ್ಲಿ ಐದು ನಿಮಿಷ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಧ್ವನಿ ಶುರುವಿಗೇ ಜಾಗ, ತಾರೀಕು, ಹೊತ್ತು ಬಾಯಲ್ಲೇ ಹೇಳಿ, ಮರೆಯುವ ಭಯವಿಲ್ಲ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಗಮ್‌ಬೂಟಿನ ಕೆಸರು ಉಜ್ಜಿ ತೊಳೆದು ಒಣಗಿಸಿ, ಕಪ್ಪೆಗಳ ಚರ್ಮದ ಶಿಲೀಂಧ್ರ ರೋಗ ಕೆಸರಲ್ಲೇ ಸಾಗುವುದು. ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು, ಕೀಟ ನಿರೋಧಕ ಮುಲಾಮು ಬಳಸುವ ಅಭ್ಯಾಸವಿದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ, ಇವೆಲ್ಲ ಅದಕ್ಕೆ ವಿಷ. ಹಳ್ಳದ ಬದಿಗೆ ದಟ್ಟ ಬಟ್ಟೆಯ ಇಂಬಳದ ಕಾಲುಚೀಲ ಮಾತ್ರ.

ಕಪ್ಪೆ, ಸೀತಾಳೆ (ಆರ್ಕಿಡ್), ಗೂಡುಗಳ ನಿಖರ ಜಾಗವನ್ನು ಪುಸ್ತಿಕೆಯಲ್ಲಿ ಹಾಕಬೇಡಿ. ಜೀವಿಗಳ ದಾಖಲೆಯ ಜಾಲತಾಣ ಐ–ನ್ಯಾಚುರಲಿಸ್ಟ್‌ನಲ್ಲೂ ಸ್ಥಳ ಮರೆಮಾಚುವ ಆಯ್ಕೆ ಇದೆ. ಚೆಂದದ ಸೀತಾಳೆಯ ಜಾಗ ಬಹಿರಂಗವಾದರೆ ಮರುವಾರ ಅಲ್ಲಿ ಬರಿ ಕೊಂಬೆ ಇರುತ್ತದೆ.

*ನಮೂನೆ.* ಒಂದೇ ಹಾಳೆ, ಒಂದೇ ಬದಿ. ತಾರೀಕು, ಹೊತ್ತು, ನಿಲ್ದಾಣ ಸಂಖ್ಯೆ, ಹವೆ, ನೋಡಿದವರ ಹೆಸರು, ಜೀವಿ, ಊರಲ್ಲಿ ಕರೆಯುವ ಹೆಸರು, ಸಂಖ್ಯೆ, ಖಚಿತವೋ ಅನುಮಾನವೋ. ಕೊನೆಯ ಕಾಲಮ್ ಇಲ್ಲದಿದ್ದರೆ ಜನ ನಾಚಿಕೆಗೆ ಏನಾದರೊಂದು ಹೆಸರು ಬರೆದುಬಿಡುತ್ತಾರೆ. ಪೆನ್ಸಿಲಲ್ಲಿ ಬರೆಸಿ, ಜೆಲ್ ಪೆನ್ನು ಮೊದಲ ಹನಿಗೇ ಹರಡುತ್ತದೆ. ಭರ್ತಿಯಾದ ಹಾಳೆಯ ಫೋಟೊ ಅದೇ ದಿನ ಸಂಜೆ ಗುಂಪಿಗೆ ಬರಬೇಕು.

ಮೂಡಿಗೆರೆ, ಸಕಲೇಶಪುರ ಭಾಗದಲ್ಲಿ ಕಾಡಾನೆಗಳ ಓಡಾಟ ಇದ್ದೇ ಇದೆ. ನಸುಕಿನ ಮತ್ತು ರಾತ್ರಿಯ ಪ್ರತಿ ನಡಿಗೆಗೂ ಹಿಂದಿನ ಸಂಜೆ ಅರಣ್ಯ ಇಲಾಖೆಯವರನ್ನೂ ತೋಟದ ರೈಟರನ್ನೂ ವಿಚಾರಿಸಿ. ಆನೆ ಇದೆ ಎಂದರೆ ಆ ದಿನದ ಎಣಿಕೆ ರದ್ದು, ಅದರಲ್ಲಿ ಚರ್ಚೆ ಬೇಡ.

ಪತಂಗದ ಪರದೆ

ಮಕ್ಕಳಿಗೆ ಇಡೀ ಉತ್ಸವದಲ್ಲಿ ನೆನಪುಳಿಯುವುದು ಬಹುಶಃ ಇದೊಂದೇ, ಖರ್ಚೂ ಕಡಿಮೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರದ ಬಿಳಿ ಹತ್ತಿ ಬಟ್ಟೆ ಸಾಕು. ಪಾಲಿಯೆಸ್ಟರ್ ಜಾರುತ್ತದೆ, ಹುಳ ಕೂರುವುದಿಲ್ಲ. ಎರಡು ಕಂಬದ ನಡುವೆ ಬಿಗಿಯಾಗಿ ಕಟ್ಟಿ ಕೆಳಗಿನ ಒಂದಡಿಯನ್ನು ನೆಲಕ್ಕೆ ಹಾಸಿ, ಬಿದ್ದವು ತುಳಿತಕ್ಕೆ ಸಿಗುವುದಿಲ್ಲ. ದೀಪ ಬಟ್ಟೆಯಿಂದ ಅರ್ಧ ಮೀಟರಿನಾಚೆ ಇರಲಿ. 160 ವಾಟಿನ ಮರ್ಕ್ಯುರಿ ಬಲ್ಬಿಗೆ ಚೋಕ್ ಬೇಡ, ಆದರೆ ಕಾದ ಗಾಜಿಗೆ ಒಂದು ಹನಿ ಬಿದ್ದರೆ ಪಟ್ ಎಂದು ಒಡೆಯುತ್ತದೆ. ಮಲೆನಾಡಿಗೆ ಅತಿನೇರಳೆ ಎಲ್‌ಇಡಿಯೇ ವಾಸಿ, ಪವರ್ ಬ್ಯಾಂಕಿನಲ್ಲೂ ಉರಿಯುತ್ತದೆ. ಅದನ್ನು ನೇರ ದಿಟ್ಟಿಸದಂತೆ ಮಕ್ಕಳಿಗೆ ಹೇಳಿ. ಬೀದಿದೀಪ ಕಾಣದ ಜಾಗ, ಗಾಳಿಯಿಲ್ಲದ ಸೆಕೆಯ ರಾತ್ರಿ, ಮಳೆ ಬಂದು ನಿಂತ ಹೊತ್ತು ಸಿಕ್ಕರೆ ಬಟ್ಟೆ ತುಂಬುತ್ತದೆ.

ಪ್ರತಿ ಜಾತಿಯ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಹನ್ನೊಂದಕ್ಕೆ ದೀಪ ಆರಿಸಿ, ಬಟ್ಟೆಯನ್ನು ಪೊದೆಯ ಮೇಲೆ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟು ಮಲಗಿದರೆ ಬೆಳಿಗ್ಗೆ ಕಾಜಾಣ, ಹರಟೆಮಲ್ಲ, ಮಡಿವಾಳ ಬಂದು ಒಂದನ್ನೂ ಬಿಡುವುದಿಲ್ಲ. ಎರಡು ರಾತ್ರಿ ಒಂದೇ ಕಡೆ ಹಾಕಿದರೆ ಮೂರನೆಯ ಬೆಳಿಗ್ಗೆ ಅವು ನಿಮಗಿಂತ ಮುಂಚೆ ಬಂದು ಕೂತಿರುತ್ತವೆ.

ಪತ್ರ, ನೆಗೆಟಿವ್, ಟಿಪ್ಪಣಿ

ಅಮೆರಿಕದ ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ಎಂಬ ಪುಟ್ಟ ಊರಲ್ಲಿ 1907ರ ಮೇ 27ರಂದು ನಿಸರ್ಗ ಲೇಖಕಿ ರೇಚಲ್ ಕಾರ್ಸನ್ ಹುಟ್ಟಿದರು. 2007ರಲ್ಲಿ ಶತಮಾನ ಬಂದಾಗ ತೋರಿಸಲು ಅವರ ಮನೆ ಉಳಿದಿತ್ತು, ಏಕೆಂದರೆ ಅದನ್ನು ನೋಡಿಕೊಳ್ಳುವ ಸಂಘ 1975ರಲ್ಲೇ ಹುಟ್ಟಿತ್ತು. ಪಕ್ಕದ ಪಿಟ್ಸ್‌ಬರ್ಗ್ ನಗರದ ಒಂದು ಸೇತುವೆಗೆ 2006ರಲ್ಲಿ ಅವರ ಹೆಸರಿಡಲಾಯಿತು. ಸೇತುವೆಗೆ ಹೆಸರಿಡುವುದು ಒಂದು ಠರಾವಿನ ಕೆಲಸ. ಮನೆ, ಕಾಗದ, ಚಿತ್ರ ಉಳಿಸುವುದು ವರ್ಷಾನುಗಟ್ಟಲೆಯ ಕೆಲಸ.

ಮಲೆನಾಡಿನ ಮಳೆಗಾಲ ಫಿಲ್ಮಿನ ಶತ್ರು. ನೆಗೆಟಿವ್ ಮೇಲಿನ ಜಿಲೆಟಿನ್ ಪದರಕ್ಕೆ ಬೂಷ್ಟು ಹತ್ತಿದರೆ ಆ ಪದರ ನೀರಲ್ಲಿ ಕರಗುವಂತಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ಬೂಷ್ಟಿನ ಜೊತೆ ಚಿತ್ರವೂ ಬರುತ್ತದೆ. ಒಣಗಿದ ಮೃದು ಕುಂಚ ಮತ್ತು ಗಾಳಿ ಊದುವ ರಬ್ಬರ್ ಬುಗ್ಗೆ, ಅಷ್ಟೇ. ಉಳಿದದ್ದು ಸ್ಕ್ಯಾನಿನಲ್ಲಿ ಸರಿಪಡಿಸುವ ಮಾತು. ಇಡುವುದಕ್ಕೆ ರಬ್ಬರ್ ಪಟ್ಟಿಯ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ತೇವಾಂಶ 50% ದಾಟಿದರೆ ಜೆಲ್ ಬದಲಿಸಿ. ಹಳೆಯದನ್ನು ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು ಮತ್ತೆ ಬಳಸಬಹುದು. ಅಂಟು ಹಾಳೆಯ ಆಲ್ಬಮ್ಮಿನಲ್ಲಿರುವ ಫೋಟೊಗಳನ್ನು ಮೊದಲು ಬಿಡಿಸಿ, ಆ ಅಂಟೂ ಮೇಲಿನ ಪ್ಲಾಸ್ಟಿಕ್ಕೂ ಚಿತ್ರವನ್ನು ತಿನ್ನುತ್ತವೆ.

ಸ್ಕ್ಯಾನ್: 35 ಎಂಎಂ ನೆಗೆಟಿವ್ 3200 ಡಿಪಿಐ, ಫೋಟೊ ಪ್ರಿಂಟು 600, ಪತ್ರ 400. 3200ರಲ್ಲಿ ಒಂದು ಚೌಕಟ್ಟು ಸುಮಾರು 4500×3000 ಪಿಕ್ಸೆಲ್. ಕಪ್ಪು–ಬಿಳುಪಿನ 16 ಬಿಟ್ ಟಿಫ್ ಕಡತವಾದರೆ 27 ಎಂಬಿ, ಸಾವಿರಕ್ಕೆ 27 ಜಿಬಿ. ಜೆಪೆಗ್ ಆಗಿ ಮಾತ್ರ ಉಳಿಸಬೇಡಿ. ಪತ್ರದ ಹಿಂಬದಿ, ಲಕೋಟೆ, ಅಂಚೆ ಮುದ್ರೆಯನ್ನೂ ಸ್ಕ್ಯಾನ್ ಮಾಡಿ, ಎಷ್ಟೋ ಸಲ ತಾರೀಕು ಅಲ್ಲೇ ಇರುತ್ತದೆ. ಮೂರು ಪ್ರತಿ ಇಡಿ, ಒಂದು ಊರಿನ ಹೊರಗೆ.

ಹಕ್ಕಿನ ವಿಷಯದಲ್ಲಿ ಹೆಚ್ಚು ತಪ್ಪಾಗುವುದು ಪತ್ರಗಳಲ್ಲಿ. ಊರಿನ ಯಾರಿಗೋ ಬರೆದ ಪತ್ರದ ಕಾಗದ ಪಡೆದವರ ಸೊತ್ತು, ಅದರೊಳಗಿನ ಬರಹದ ಹಕ್ಕು ಬರೆದವರ ವಾರಸುದಾರರದು. ಪ್ರಕಟಿಸಲು ಇಬ್ಬರ ಒಪ್ಪಿಗೆಯೂ ಬೇಕು. ನಮ್ಮ ಕಾಯ್ದೆಯಲ್ಲಿ, ಬದುಕಿದ್ದಾಗ ಪ್ರಕಟವಾದ ಬರಹದ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಮರುವರ್ಷದಿಂದ ಎಣಿಕೆ. 2007ರಲ್ಲಿ ತೀರಿಕೊಂಡವರದು 2067ರ ಕೊನೆಯವರೆಗೆ. ಶತಮಾನೋತ್ಸವ ಎಂಬ ಕಾರಣಕ್ಕೆ ಕತೆ ಅಚ್ಚು ಹಾಕಿ ಹಂಚುವಂತಿಲ್ಲ.

ಫಲಕಗಳು

ಪ್ರದರ್ಶನಕ್ಕೆ ಎರಡಡಿ–ಮೂರಡಿಯ 20 ಫಲಕ ಸಾಕು. ಒಂದಕ್ಕೆ 70 ಪದ ದಾಟಬೇಡಿ. ಅಕ್ಷರ 30 ಪಾಯಿಂಟ್, ಶೀರ್ಷಿಕೆ 90. ಫಲಕದ ನಡುಭಾಗ ನೆಲದಿಂದ ನಾಲ್ಕೂವರೆ ಅಡಿಗೆ ಬಂದರೆ ಏಳನೇ ತರಗತಿಯವರೂ ದೊಡ್ಡವರೂ ಓದುತ್ತಾರೆ. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧ 2016ರಿಂದಲೇ ಇದೆ, ನಿಸರ್ಗದ ಹಬ್ಬಕ್ಕೆ ಅದನ್ನು ಕಟ್ಟಿದರೆ ಊರೇ ನಗುತ್ತದೆ. ಒಳಾಂಗಣಕ್ಕೆ ಬಟ್ಟೆ ಮುದ್ರಣ, ಹೊರಗಡೆಗೆ ಎಸಿಪಿ (ಅಲ್ಯೂಮಿನಿಯಂ ಪದರದ) ಹಲಗೆ. 

ನೀವು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಪ್ರಿಂಟಿಂಗ್ ಪ್ರೆಸ್ಸಿನವರು ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ, ಆಗ ಅರ್ಕಾವೊತ್ತು ಜಾಗ ಬಿಡುತ್ತದೆ, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಪಿಡಿಎಫ್ ಕೊಟ್ಟು ಹಾಗೇ ಮುದ್ರಿಸಲು ಹೇಳಿ. ಕರಡನ್ನು ಮೊಬೈಲಿನಲ್ಲಿ ನೋಡಿ ಸರಿ ಎನ್ನಬೇಡಿ, ಎ3 ಕಾಗದದಲ್ಲಿ ತೆಗೆಸಿ ಇಬ್ಬರು ಗಟ್ಟಿಯಾಗಿ ಓದಿ. ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ಓಡಾಡಿದ ತೇಜಸ್ವಿಯವರ ಫಲಕದಲ್ಲೇ ಅಕ್ಷರ ಒಡೆಯಬಾರದು. ವೈಜ್ಞಾನಿಕ ಹೆಸರು ರೋಮನ್ ಲಿಪಿಯಲ್ಲಿ, ಓರೆ ಅಕ್ಷರದಲ್ಲಿ ಇರಲಿ.

ಗಿಡಗಳು

ಅತಿಥಿಗಳ ಕೈಯಲ್ಲಿ ಸೆಪ್ಟೆಂಬರಿನಲ್ಲಿ ನೆಡಿಸಿದ ಸಸಿಗೆ ಬೇರು ಬಿಡುವಷ್ಟರಲ್ಲಿ ಮಳೆ ಮುಗಿದಿರುತ್ತದೆ. 2037ರ ಜೂನ್‌ನಲ್ಲೇ ನೆಟ್ಟು, ಅತಿಥಿಗಳು ಬರುವ ಹೊತ್ತಿಗೆ ಚಿಟ್ಟೆ ಬಂದಿರುವಂತೆ ಮಾಡಿ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ, ಐದು ಕೆ.ಜಿ. ಹಳೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ.

ಯಾವ ಗಿಡ ಎಂಬುದು ಯಾವ ಹುಳುವಿಗೆ ಎಂಬುದರ ಮೇಲೆ. ಎಕ್ಕಕ್ಕೆ ಪ್ಲೇನ್ ಟೈಗರ್ ಚಿಟ್ಟೆ, ಕರಿಬೇವು ಮತ್ತು ನಿಂಬೆಗೆ ಕಾಮನ್ ಮಾರ್ಮನ್, ಕಕ್ಕೆಗೆ ಎಮಿಗ್ರಂಟ್, ಸಂಪಿಗೆಗೆ ಟೇಲ್ಡ್ ಜೇ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರ ಬಳ್ಳಿಯ ಮೇಲೆ. ನರ್ಸರಿಯಲ್ಲಿ ಅಲಂಕಾರಕ್ಕೆ ಮಾರುವ ಅದೇ ಕುಲದ ವಿದೇಶಿ ಬಳ್ಳಿ ಬೇಡ. ಅತ್ತಿ, ಗೋಣಿಯನ್ನು ಕಟ್ಟಡದಿಂದ ಹತ್ತು ಮೀಟರ್ ದೂರ ನೆಡಿ, ಕುಟ್ರುಹಕ್ಕಿಯನ್ನು ಕರೆಯುವ ಕೆಲಸ ಅವು ಮಾಡುತ್ತವೆ. ಎಲೆ ತೂತಾದಾಗ ಮಾಲಿ ಔಷಧಿ ಹೊಡೆದುಬಿಡುವುದು ಇಂಥ ತೋಟಗಳ ಮಾಮೂಲಿ ಅಂತ್ಯ. "ಎಲೆ ತಿನ್ನಲೆಂದೇ ನೆಟ್ಟದ್ದು" ಎಂದು ಬೋರ್ಡು ಹಾಕಿ, ಮಾಲಿಗೆ ಬಾಯಲ್ಲೂ ಹೇಳಿ.

ಅನುಮತಿ, ಅಂಚೆ

ಮೀಸಲು ಅರಣ್ಯದೊಳಗೆ ಹೋಗಲು ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಮೂರು ತಿಂಗಳು ಮುಂಚೆ ಅರ್ಜಿ. ಚಿಟ್ಟೆ ಹಿಡಿದು ಸೂಜಿ ಚುಚ್ಚುವುದು, ಗೂಡು ಮೊಟ್ಟೆ ತಂದು ಪ್ರದರ್ಶನಕ್ಕಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಾಗಬಹುದು, ಶಾಲೆಗಳಿಗೆ ಲಿಖಿತವಾಗಿ ತಿಳಿಸಿ. ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲ. ಅಂಚೆ ಚೀಟಿಯ ಪ್ರಸ್ತಾವ ಎರಡು ವರ್ಷಕ್ಕೂ ಮುಂಚೆ ಹೋಗಬೇಕು. ಅದು ಕೈಗೂಡದಿದ್ದರೆ ವಿಶೇಷ ಲಕೋಟೆಗೆ ರಾಜ್ಯದ ಅಂಚೆ ವೃತ್ತವನ್ನು ಕೇಳಿ. ಅದಕ್ಕೆ ಹಾಕುವ ಮುದ್ರೆಯ ಚಿತ್ರಕ್ಕೆ ಕುಣಿಯುವ ಕಪ್ಪೆಗಿಂತ ಒಳ್ಳೆಯದು ಸಿಗಲಾರದು.

ಆ ದಿನ

ಛಾವಣಿ ಇರುವ ಸಭಾಂಗಣ. ಶಾಮಿಯಾನ ಸೋರುತ್ತದೆ. ಭಾಷಣ ಒಟ್ಟು 40 ನಿಮಿಷ, ಮೂವರಿಗಿಂತ ಹೆಚ್ಚು ಬೇಡ. ಹಾರದ ಬದಲು ಮೂರು ವರ್ಷ ಎಣಿಸಿದವರ ಹೆಸರುಗಳನ್ನು ವೇದಿಕೆಯಲ್ಲಿ ಓದಿ, ಮಕ್ಕಳೇ ತಮ್ಮ ತಮ್ಮ ನಿಲ್ದಾಣದಲ್ಲಿ ಕಂಡದ್ದನ್ನು ಎರಡೆರಡು ನಿಮಿಷ ಹೇಳಲಿ. ಊಟಕ್ಕೆ 300 ಜನ ಎಂದರೆ 30 ಕೆ.ಜಿ. ಅಕ್ಕಿ, ಸ್ಟೀಲ್ ತಟ್ಟೆ ಲೋಟ ಬಾಡಿಗೆಗೆ. ಚಪ್ಪಲಿ ಬಿಡಲು ಮತ್ತು ಕೊಡೆ ಇಡಲು ಜಾಗ ಮಾಡಿ, ಇಲ್ಲದಿದ್ದರೆ ಫಲಕಗಳ ಬುಡವೆಲ್ಲ ನೀರು.

ಆಮೇಲೆ

ತಿಂಗಳೊಳಗೆ ಲೆಕ್ಕಪತ್ರ ನೋಟಿಸ್ ಬೋರ್ಡಿಗೆ ಹಾಕಿ. ಎಣಿಕೆಯ ಮೂಲ ಹಾಳೆಗಳನ್ನು ವರ್ಷವಾರು ಕಟ್ಟು ಕಟ್ಟಿ, ನಿಲ್ದಾಣಗಳ ನಕ್ಷೆ ಮತ್ತು ವಿಧಾನ ಬರೆದ ಎರಡು ಪುಟವನ್ನು ಪ್ರತಿ ಕಟ್ಟಿನ ಮೇಲೂ ಇಡಿ. ವಿಧಾನ ಕಳೆದುಹೋದರೆ ಅಂಕಿಗಳು ಯಾರಿಗೂ ಉಪಯೋಗವಿಲ್ಲ. ಒಂದು ಪ್ರತಿ ಪಟ್ಟಣ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ, ಒಂದು ತಾಲ್ಲೂಕು ಗ್ರಂಥಾಲಯಕ್ಕೆ, ಒಂದು ಕಾಲೇಜಿಗೆ, ಮೂರಕ್ಕೂ ಸ್ವೀಕೃತಿ ಪತ್ರ ಬರೆಸಿಕೊಳ್ಳಿ. ಠೇವಣಿಯ ಬಡ್ಡಿಯಲ್ಲಿ ಪ್ರತಿ ಜನವರಿ 16 ಮನೆಗಳಲ್ಲಿ ನಾಲ್ಕನ್ನಾದರೂ ಮತ್ತೆ ಎಣಿಸಬಹುದು. ಹಾಗೆ ಮಾಡಿದರೆ ನಾಲ್ಕು ವರ್ಷಕ್ಕೊಮ್ಮೆ ಇಡೀ ಊರಿನ ಸುತ್ತು ಮುಗಿಯುತ್ತದೆ, ಮೊದಲ ಸುತ್ತು 2042ಕ್ಕೆ.